ಮಗಳ ಹುಟ್ಟುಹಬ್ಬ ಈ ಸಲ ಮನೆಯಲ್ಲೇ

ಪೋಸ್ಟ್ ಉದ್ದ ಇದೆ, ಬಿಡುವಾದಾಗ ಓದಿ.

ಬರೋ ಭಾನುವಾರ ಮಗಳಿಗೆ ಎಂಟು ತುಂಬುತ್ತೆ. ಇಷ್ಟು ವರ್ಷ ಸ್ಕೂಲಿಗೆ ಚಾಕಲೇಟ್ ಡಬ್ಬಿ ಕೊಟ್ಟು ಕಳಿಸಿ, ಸಂಜೆ ನಾವು ಮೂವರೇ ಒಂದು ಸಣ್ಣ ಕೇಕ್ ಕತ್ತರಿಸಿ ಮುಗಿಸ್ತಿದ್ದೆವು. ಈ ಸಲ ಅವಳು ಹಟ ಹಿಡಿದಿದ್ದಾಳೆ. ಫ್ರೆಂಡ್ಸ್ ಎಲ್ಲಾ ಮನೆಗೆ ಬರಬೇಕು, ಬಲೂನ್ ಕಟ್ಟಬೇಕು, ಎಲ್ಲರೂ ಕೂತು ಊಟ ಮಾಡಬೇಕು. ನೋಟ್‌ಬುಕ್ಕಿನ ಹಾಳೆ ಹರಿದು ತಾನೇ ಪಟ್ಟಿ ಮಾಡಿದಳು. 14 ಹೆಸರು. ಫ್ರಿಜ್ ಬಾಗಿಲಿಗೆ ಅಂಟಿಸಿದಳು.

ಮೊನ್ನೆ ಸ್ಕೂಲಿನಿಂದ ಬಂದವಳು ಶೂ ಬಿಚ್ಚುತ್ತಾ ಕೇಳಿದಳು: "ಅಮ್ಮ, ಅವಳ ಅಮ್ಮ ಹೇಳಿದಾರಂತೆ, ನಮ್ಮನೇಲಿ ಕೇಕ್ ಮಾತ್ರ ತಿನ್ನು, ಊಟ ಮಾಡ್ಬೇಡ ಅಂತ. ಯಾಕೆ?"

"ಹೊರಗಡೆ ಊಟ ಅವಳಿಗೆ ಹಿಡಿಸಲ್ಲ ಅಂತ ಇರಬೇಕು ಪುಟ್ಟಾ" ಅಂದೆ. ಸುಳ್ಳು ಹೇಳಿದೆ. ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಮೈಕ್ ಹಿಡಿದು ಅಸ್ಪೃಶ್ಯತೆ ಬಗ್ಗೆ ಮಾತಾಡಿದ ಬಾಯಿಗೆ, ಸ್ವಂತ ಮಗಳ ಎದುರು ಅಷ್ಟೇ ಹೊರಟಿದ್ದು.

ಅವತ್ತು ರಾತ್ರಿ ಸಂಘಟನೆಯ ಹಿರಿಯ ಸಂಗಾತಿಯೊಬ್ಬರಿಗೆ ಫೋನ್ ಮಾಡಿ ಹೇಳಿಕೊಂಡೆ. ಅವರು ನಕ್ಕುಬಿಟ್ಟರು. "ಅಲ್ಲಮ್ಮ, ಈ ಕೇಕು, ಕ್ಯಾಂಡಲ್ಲು ನಮಗ್ಯಾಕೆ? ಅದು ಮೇಲ್ವರ್ಗದ ಮಧ್ಯಮ ವರ್ಗದವರ ಆಟ. ಹಾಸ್ಟೆಲ್ ಮಕ್ಕಳಿಗೆ ನೋಟ್‌ಬುಕ್ ಹಂಚಿ, ಮುಗೀತು" ಅಂದರು. ಅವರ ಮೇಲೆ ನನಗೆ ಗೌರವ ಇದೆ. ನೋಟ್‌ಬುಕ್ಕೂ ಹಂಚ್ತೀವಿ, ಪ್ರತಿ ವರ್ಷ ಹಂಚಿದ್ದೀವಿ. ಆದರೆ ಆ ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅವತ್ತಿಂದ ತಲೇಲಿ ಓಡ್ತಿರೋದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ತಾರೀಖಿನ ಮಾತು. ಈ ಪೋಸ್ಟ್ ಓದುತ್ತಿರೋ ನಿಮ್ಮಲ್ಲಿ ಎಷ್ಟು ಜನರ ಮಾರ್ಕ್ಸ್ ಕಾರ್ಡಿನಲ್ಲಿ ಹುಟ್ಟಿದ ದಿನ ಜೂನ್ 1 ಅಂತ ಇದೆ? ನನ್ನದು 1-6-1980. ನನ್ನಣ್ಣನದು 1-6-1977. ನಮ್ಮ ಕೇರಿಯಲ್ಲಿ ನನ್ನ ವಾರಿಗೆಯ ಅರ್ಧ ಜನ ಒಂದೇ ದಿನ ಹುಟ್ಟಿದವರು! ಅವ್ವ ನನ್ನನ್ನ ಸ್ಕೂಲಿಗೆ ಕರಕೊಂಡು ಹೋದಾಗ ಮೇಷ್ಟ್ರು ಬಲಗೈಯನ್ನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅಂದರು. ಮುಟ್ಟಿತು. ಆರು ವರ್ಷ ಆಗಿದೆ ಅಂತ ಬರೆದುಕೊಂಡರು. ಸ್ಕೂಲು ಶುರುವಾಗೋದು ಜೂನ್‌ಗೆ, ಆದ್ದರಿಂದ ಹುಟ್ಟಿದ್ದೂ ಜೂನ್‌ಗೆ. ಇದು ದಲಿತರಿಗೆ ಮಾತ್ರ ಆಗಿದ್ದಲ್ಲ, ಹಳ್ಳಿಯ ಬಡವರ ಮಕ್ಕಳಿಗೆಲ್ಲಾ ಆಗಿದೆ. ಸರ್ಕಾರಿ ನೌಕರಿಯಲ್ಲಿ ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ ಆಗಬೇಕು. ಅದಕ್ಕೇ ಮೇ 31ರ ಸಂಜೆ ಆಫೀಸು ಆಫೀಸಿನಲ್ಲೂ ಹಾರ, ಶಾಲು, ಬೀಳ್ಕೊಡುಗೆ. ಮೇಷ್ಟ್ರ ಪೆನ್ನಿನ ಒಂದು ಗೀಟು ಅರವತ್ತು ವರ್ಷ ಬೆನ್ನು ಬಿಡಲ್ಲ. ಈಗ ಪ್ರತಿ ಜೂನ್ 1ಕ್ಕೆ ಫೇಸ್‌ಬುಕ್ಕು ನನ್ನ ಗೋಡೆ ಮೇಲೆ ನೂರಾರು ಶುಭಾಶಯ ತಂದು ಸುರಿಯುತ್ತೆ. ಎಲ್ಲರಿಗೂ ಥ್ಯಾಂಕ್ಸ್ ಹೇಳ್ತೀನಿ, ಒಳಗೇ ನಗ್ತೀನಿ.

ನಿಜವಾಗಿ ಯಾವತ್ತು ಹುಟ್ಟಿದೆ ಅಂತ ಅವ್ವನ್ನ ಕೇಳಿದರೆ ಅವಳ ಉತ್ತರ ಯಾವಾಗಲೂ ಒಂದೇ. "ದೀವಳ್ಗೆಗೆ ಮಾದಪ್ಪನ ಬೆಟ್ಟಕ್ಕೆ ಹೋಗೋರು ಹೊಂಟಿದ್ರು ಕಣವ್ವ. ರಾಗಿ ಕುಯ್ಲು ಇನ್ನೂ ಆಗಿರ್ನಿಲ್ಲ. ಬೆಳಗಾನ ನೋವು ತಿಂದೆ." ಅಂದರೆ ಕ್ಯಾಲೆಂಡರಿನಲ್ಲಿ ಅಕ್ಟೋಬರ್ ಕೊನೆಯೋ ನವೆಂಬರೋ. ಜೂನ್ ಅಂತೂ ಅಲ್ಲ. ಅಪ್ಪನಿಗೆ ಇನ್ನೊಂದು ನೆನಪಿತ್ತು. ಅವತ್ತು ರಾತ್ರಿ ಅಪ್ಪ ಗೌಡರ ಮನೆ ಹಿತ್ತಲ ಬಾಗಿಲಿಗೆ ಹೋಗಿ ಬಾಣಂತಿ ಖರ್ಚಿಗೆ ಅಂತ 40 ರೂಪಾಯಿ, ಎರಡು ಸೇರು ರಾಗಿ ತಂದಿದ್ದನಂತೆ. ಅಪ್ಪ ಆ ಮನೇಲಿ ಜೀತಕ್ಕಿದ್ದ. 1975ರ ಅಕ್ಟೋಬರಿನಲ್ಲೇ ಜೀತ ರದ್ದು ಮಾಡಿ ಸುಗ್ರೀವಾಜ್ಞೆ ಬಂದಿತ್ತು, 1976ರಲ್ಲಿ ಕಾಯ್ದೆ ಆಗಿತ್ತು. ನಮ್ಮೂರಿಗೆ ಆ ಸುದ್ದಿ ಬರೋಕೆ ಇನ್ನೂ ಹತ್ತು ವರ್ಷ ಬೇಕಾಯ್ತು. ಗೌಡರು ಲೆಕ್ಕದಲ್ಲಿ ಕಟ್ಟುನಿಟ್ಟಿನ ಮನುಷ್ಯ. 40 ರೂಪಾಯಿನ ತಾರೀಖು ಹಾಕಿಯೇ ಬರೆದುಕೊಂಡಿರ್ತಾರೆ. ನನ್ನ ನಿಜವಾದ ಹುಟ್ಟಿದ ದಿನ ಅಂತ ಈ ಭೂಮಿ ಮೇಲೆ ಬರಹದಲ್ಲಿ ಎಲ್ಲಾದರೂ ಇದ್ದಿದ್ದರೆ ಆ ಸಾಲದ ಪುಸ್ತಕದಲ್ಲೇ ಇದ್ದಿರಬೇಕು. ಅದು ಗೆದ್ದಲು ತಿಂದು ಎಷ್ಟು ವರ್ಷ ಆಯ್ತೋ.

ಈ ಕತೆ ನನ್ನೊಬ್ಬಳದ್ದು ಅಂದುಕೊಂಡಿದ್ದೆ, ಫ್ರೆಡರಿಕ್ ಡಗ್ಲಾಸ್ ಬಗ್ಗೆ ಓದುವವರೆಗೂ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, ಆಮೇಲೆ ಗುಲಾಮಗಿರಿ ವಿರುದ್ಧದ ದೊಡ್ಡ ದನಿಯಾದವರು. 1845ರಲ್ಲಿ ಬಂದ ಅವರ ಆತ್ಮಕತೆ ಶುರುವಾಗೋದೇ ತನ್ನ ವಯಸ್ಸು ತನಗೆ ಗೊತ್ತಿಲ್ಲ ಅನ್ನೋ ಮಾತಿನಿಂದ. ಗುಲಾಮರಿಗೆ ಹುಟ್ಟಿದ ಕಾಲ ಅಂದರೆ ನಾಟಿ ಕಾಲ, ಕುಯ್ಲು ಕಾಲ ಅಷ್ಟೇ. ಬಿಳಿಯರ ಮಕ್ಕಳು ತಮ್ಮ ವಯಸ್ಸು ಹೇಳ್ತಿದ್ದರು, ತಾನು ಯಾಕೆ ಹೇಳಬಾರದು ಅಂತ ಚಿಕ್ಕಂದಿನಲ್ಲೇ ಅವರಿಗೆ ಕೊರಗಿತ್ತು. ನಮ್ಮವ್ವನ ರಾಗಿ ಕುಯ್ಲಿಗೂ ಅದಕ್ಕೂ ಏನು ದೂರ? ದೊಡ್ಡವರಾದ ಮೇಲೆ ಡಗ್ಲಾಸ್ ತಾವೇ ಒಂದು ದಿನ ಆರಿಸಿಕೊಂಡರು, ಫೆಬ್ರವರಿ 14. ಅವರು ತೀರಿಕೊಂಡು ಎಷ್ಟೋ ದಶಕ ಆದ ಮೇಲೆ ಅವರ ಹಳೇ ಯಜಮಾನನ ಲೆಕ್ಕದ ಪುಸ್ತಕ ಸಂಶೋಧಕರ ಕೈಗೆ ಸಿಕ್ಕಿತು. ಆಸ್ತಿಪಟ್ಟಿಯಂತೆ ಗುಲಾಮರ ಹೆಸರು ಬರೆದಿದ್ದ ಅದರಲ್ಲಿ ಇವರ ಹೆಸರು, ಪಕ್ಕದಲ್ಲಿ 1818ರ ಫೆಬ್ರವರಿ. ಯಜಮಾನನಿಗೆ ಗೊತ್ತಿತ್ತು, ಮಗುವಿಗೆ ಗೊತ್ತಿರಲಿಲ್ಲ.

ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನ ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ದುಡಿದ ಜನರಿಗೆ ಅರ್ಪಿಸಿದ್ದು ಸುಮ್ಮನೆ ಅಲ್ಲ.

ನನ್ನ ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಡಿಸ್ಚಾರ್ಜ್ ಪೇಪರಿನಲ್ಲಿ ಗಂಟೆ, ನಿಮಿಷ, ತೂಕ ಎಲ್ಲಾ ಇದೆ. ಜನನ ಪ್ರಮಾಣಪತ್ರವನ್ನ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೀನಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲು ಸೇರೋಕಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಆ ಒಂದು ಹಾಳೆಯೇ ಆಧಾರ. ನಮ್ಮ ಹಾಡಿಗಳಲ್ಲಿ, ಅಲೆಮಾರಿ ಟೆಂಟುಗಳಲ್ಲಿ ಇನ್ನೂ ಆ ಹಾಳೆ ಇಲ್ಲದ ಮಕ್ಕಳಿವೆ. ಈ ಪೋಸ್ಟ್ ಓದುವ ಕಾರ್ಯಕರ್ತರು ದಯವಿಟ್ಟು ಇದರ ಕಡೆ ಗಮನ ಕೊಡಿ.

ಎರಡನೆಯದು ಹೆಸರು. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಮಗುವಿಗೆ ಹೆಸರಿಡೋ ನಿಯಮ ಇದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲ ಸೂಚಿಸಬೇಕು, ವೈಶ್ಯನದು ಹಣ, ಶೂದ್ರನದು ಅಸಹ್ಯ ಹುಟ್ಟಿಸುವಂತಿರಬೇಕು. ಶೂದ್ರನಿಗೇ ಹಾಗಾದರೆ ಊರಾಚೆಯವರ ಕತೆ ನೀವೇ ಲೆಕ್ಕ ಹಾಕಿ. ಹತ್ತನೇ ಅಧ್ಯಾಯದಲ್ಲಿ ಚಂಡಾಲರಿಗೆ ಇನ್ನೂ ವಿವರವಾಗಿ ಬರೆದಿದೆ: ಊರ ಹೊರಗೆ ವಾಸ, ಸತ್ತವರ ಬಟ್ಟೆ, ಒಡೆದ ಪಾತ್ರೆಯಲ್ಲಿ ಊಟ. ಈ ಒಡೆದ ಪಾತ್ರೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಸುಡಿಸಿದ್ದು ಈ ಪುಸ್ತಕವನ್ನೇ.

ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ನಮ್ಮ ಹಿರಿಯರ ತಿಪ್ಪ, ಕಲ್ಲ, ಗುಂಡ ಅನ್ನೋ ಹೆಸರುಗಳೆಲ್ಲ ಬೇರೆಯವರು ಹೇರಿದ್ದಲ್ಲ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ಸಾಯುತ್ತಿದ್ದ ಮನೆಗಳಲ್ಲಿ, ಮಗುವನ್ನ ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ಬಂದು ತಿಪ್ಪ ಅಂತ ಕರೆದರೆ ಸಾವಿಗೆ ಬೇಡವಾಗಿ ಉಳಿಯುತ್ತೆ ಅನ್ನೋ ನಂಬಿಕೆ. ಎಲ್ಲಾ ಜಾತಿಯ ಬಡವರಲ್ಲೂ ಇತ್ತು. ನಮ್ಮವ್ವನಿಗೆ ನಾವಿಬ್ಬರು ಉಳಿದೆವು, ಮೂರು ಮಕ್ಕಳು ಹೋದವು. ಹೋದ ಮಕ್ಕಳಿಗೆ ಹೆಸರೇ ಇಟ್ಟಿರಲಿಲ್ಲ. ಬಾಬಾಸಾಹೇಬರು ಮತ್ತು ರಮಾತಾಯಿಗೆ ಐದು ಮಕ್ಕಳು. ಉಳಿದದ್ದು ಯಶವಂತರು ಒಬ್ಬರೇ. ಕೊನೆಯ ಮಗ ರಾಜರತ್ನ 1926ರಲ್ಲಿ ತೀರಿಕೊಂಡಾಗ ಅಪ್ಪನ ಓದು ಕೊಲಂಬಿಯಾ, ಲಂಡನ್ ಎಲ್ಲಾ ಮುಗಿದಿತ್ತು, ಡಾಕ್ಟರೇಟ್ ಬಂದಿತ್ತು, ಬ್ಯಾರಿಸ್ಟರ್ ಆಗಿದ್ದರು. ಅಷ್ಟಾದರೂ ಮಗು ಉಳಿಯಲಿಲ್ಲ. ವರ್ಷಕ್ಕೊಮ್ಮೆ ಮಗುವಿಗೆ ಒಂದು ವರ್ಷ ಜಾಸ್ತಿ ಆಯ್ತು ಅಂತ ಖುಷಿ ಪಡೋಕೆ ಮೊದಲು ಮಗು ಬದುಕಿರಬೇಕಲ್ಲ.

ಇನ್ನು ಹಿರಿಯ ಸಂಗಾತಿಯ ಕೇಕಿನ ಮಾತು. ಹುಟ್ಟಿದ ದಿನ ಆಚರಿಸೋದು ನಮ್ಮ ನೆಲದಲ್ಲಿ ಇರಲೇ ಇಲ್ಲ, ಬಿಳಿಯರು ತಂದದ್ದು ಅಂತ ಎಡದವರೂ ಬಲದವರೂ ಒಟ್ಟಿಗೆ ಹೇಳ್ತಾರೆ. ಇತ್ತು ಸ್ವಾಮಿ, ದೇವರಿಗೆ ಮತ್ತು ರಾಜರಿಗೆ ಇತ್ತು. ರಾಮನವಮಿ ಏನು, ಕೃಷ್ಣ ಜನ್ಮಾಷ್ಟಮಿ ಏನು? ಮೊಘಲ್ ಬಾದಶಹರು ಹುಟ್ಟಿದ ದಿನ ತಕ್ಕಡಿಯಲ್ಲಿ ಕೂತು ಚಿನ್ನ ಬೆಳ್ಳಿಗೆ ತೂಗಿಸಿಕೊಳ್ತಿದ್ದರು. ನಮ್ಮ ಮೈಸೂರಿನಲ್ಲಿ ಮಹಾರಾಜರ ವರ್ಧಂತಿ ಅಂದರೆ ಊರಿಗೇ ಹಬ್ಬ. ಕೇಕ್ ಮೇಲೆ ಮೇಣದಬತ್ತಿ ಹಚ್ಚೋದು ಜರ್ಮನಿಯಿಂದ ಬಂತು ಅಂತಾರೆ, ಇರಲಿ. ನಾವೆಲ್ಲಾ ರಾಗ ತಪ್ಪಿ ಹಾಡೋ ಆ ಇಂಗ್ಲಿಷ್ ಹಾಡಿನ ರಾಗ ಮಾತ್ರ ಅಮೆರಿಕದ ಕೆಂಟಕಿಯ ಇಬ್ಬರು ಅಕ್ಕತಂಗಿಯರದ್ದು, ಮಿಲ್ಡ್ರೆಡ್ ಹಿಲ್ ಮತ್ತು ಪ್ಯಾಟಿ ಹಿಲ್. ಪುಟ್ಟ ಮಕ್ಕಳು ಬೆಳಿಗ್ಗೆ ತರಗತಿಗೆ ಬಂದಾಗ ಹಾಡೋಕೆ ಅಂತ 1893ರಲ್ಲಿ ಪ್ರಕಟಿಸಿದ್ದು. ಮೇಡಂಗಳು ಮಕ್ಕಳಿಗೆ ಮಾಡಿದ ರಾಗ ಅದು. ನನಗೆ ಅದರಲ್ಲಿ ತಕರಾರಿಲ್ಲ.

ನಮ್ಮ ಕೇರಿಗೆ ಬಂದ ಮೊದಲ ಹುಟ್ಟುಹಬ್ಬ ಯಾರದ್ದು ಹೇಳಿ? ಏಪ್ರಿಲ್ 14. ಪುಣೆಯಲ್ಲಿ ಜನಾರ್ದನ ಸದಾಶಿವ ರಣಪಿಸೆ ಅನ್ನೋರು 1928ರಲ್ಲಿ ಮೊದಲ ಸಲ ಅಂಬೇಡ್ಕರ್ ಜಯಂತಿಯನ್ನ ಸಾರ್ವಜನಿಕವಾಗಿ ಮಾಡಿದರು. ಮಹಾಡ್ ಕೆರೆ ನೀರು ಮುಟ್ಟಿ ಆಗಷ್ಟೇ ಒಂದು ವರ್ಷ ಕಳೆದಿತ್ತು. ಸ್ವತಃ ಬಾಬಾಸಾಹೇಬರಿಗೆ ಇದು ಹಿಡಿಸುತ್ತಿರಲಿಲ್ಲ. ವ್ಯಕ್ತಿಪೂಜೆ ಪ್ರಜಾಪ್ರಭುತ್ವಕ್ಕೆ ಒಗ್ಗಲ್ಲ ಅನ್ನೋದು ಅವರ ನಿಲುವು. ಜನ ಕೇಳಲಿಲ್ಲ. ಒಳ್ಳೇದೇ ಮಾಡಿದರು ಅಂತೀನಿ. ಯಾಕಂದರೆ ಹುಟ್ಟಿದ ತಾರೀಖೇ ಗೊತ್ತಿಲ್ಲದ ಜನಕ್ಕೆ, ನಮ್ಮವನೊಬ್ಬ ಇಂಥ ದಿನ ಇಂಥ ಕಡೆ ಹುಟ್ಟಿದ, 1891ರ ಏಪ್ರಿಲ್ 14, ಮಹೂ ಅಂತ ಹೇಳಿಕೊಳ್ಳೋಕೆ ಒಂದು ದಿನ ಸಿಕ್ಕಿತು. ನಾನು ಜೀವನದಲ್ಲಿ ಮೊದಲ ಸಲ ಕೇಕ್ ತಿಂದದ್ದೂ ನಮ್ಮೂರ ಜಯಂತಿಯಲ್ಲೇ. ಅಂಬೇಡ್ಕರ್ ಯುವಕರ ಸಂಘದ ಹುಡುಗರು ಚಾಮರಾಜನಗರದ ಬೇಕರಿಯಿಂದ ನೀಲಿ ಕೆನೆ ಮೆತ್ತಿದ ಕೇಕ್ ತಂದಿದ್ದರು. ನಾಲಿಗೆ ಎರಡು ದಿನ ನೀಲಿ. ಯಾರಾದರೂ ಕೇಕ್ ನಮ್ಮದಲ್ಲ ಅಂದಾಗೆಲ್ಲ ನನಗೆ ಆ ನೀಲಿ ನಾಲಿಗೆ ನೆನಪಾಗುತ್ತೆ.

ಹೊಸ ಬಟ್ಟೆ ಬಗ್ಗೆ ಹೇಳದೆ ಮುಂದಕ್ಕೆ ಹೋಗೋಕಾಗಲ್ಲ. ಮೊನ್ನೆ ಮಗಳಿಗೆ ಫ್ರಾಕ್ ತರೋಕೆ ಹೋದಾಗ ಅವಳು ಟ್ರಯಲ್ ರೂಮಿನಿಂದ ಹೊರಗೆ ಬಂದು ಒಂದು ಸುತ್ತು ತಿರುಗಿದಳು. ನನಗೆ ಮಸೂರು ಸ್ಟೇಷನ್ ಕಣ್ಣ ಮುಂದೆ ಬಂತು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರೋ 1901ರ ಪ್ರಸಂಗ. ಬೇಸಿಗೆ ರಜೆಗೆ ಅಪ್ಪನ ಹತ್ತಿರ ಹೋಗಬೇಕು, ಮಕ್ಕಳಿಗೆ ಸಡಗರವೋ ಸಡಗರ. ಹೊಸ ಅಂಗಿ, ಮಿರುಗೋ ಟೋಪಿ, ಹೊಸ ಶೂ, ರೇಷ್ಮೆ ಅಂಚಿನ ಪಂಚೆ. ಸತಾರಾದಿಂದ ರೈಲು ಹತ್ತಿ ಮಸೂರಿನಲ್ಲಿ ಇಳಿದರು. ಕಾಗದ ಸರಿಯಾಗಿ ತಲುಪದೆ ಅಪ್ಪ ಯಾರನ್ನೂ ಕಳಿಸಿರಲಿಲ್ಲ. ಸ್ಟೇಷನ್ ಮಾಸ್ತರ ಇವರ ಬಟ್ಟೆ ನೋಡಿ ದೊಡ್ಡವರ ಮಕ್ಕಳು ಅಂದುಕೊಂಡು ಹತ್ತಿರ ಬಂದ, ವಿಚಾರಿಸಿದ. ನಾವು ಮಹಾರರು ಅಂತ ಮಗು ಬಾಯಿ ಬಿಟ್ಟ ಕೂಡಲೇ ಅವನ ಮುಖ ಬದಲಾಯ್ತು. ಬಾಡಿಗೆ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡರಷ್ಟು ಬಾಡಿಗೆಗೆ, ಅದೂ ಮಕ್ಕಳೇ ಗಾಡಿ ಹೊಡೀಬೇಕು, ತಾನು ಪಕ್ಕದಲ್ಲಿ ನಡೆದು ಬರ್ತೀನಿ ಅಂತ. ಬುತ್ತಿ ತುಂಬಾ ಊಟ ಇತ್ತು, ಕುಡಿಯೋಕೆ ನೀರು ಯಾರೂ ಕೊಡಲಿಲ್ಲ. ರಾತ್ರಿಯೆಲ್ಲಾ ಹಸಿದೇ ಕಳೆದರು. ಆಗ ಭೀಮನಿಗೆ ಒಂಬತ್ತು ವರ್ಷ. ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡವನು.

ಅದು ನೂರಿಪ್ಪತ್ತು ವರ್ಷದ ಹಿಂದಿನ ಮಾತು ಅನ್ನೋರಿಗೆ ಕೊಪ್ಪಳ ಜಿಲ್ಲೆಯ ಮಿಯಾಪುರ ನೆನಪು ಮಾಡ್ತೀನಿ. ಕುಷ್ಟಗಿ ತಾಲ್ಲೂಕಿನ ಊರು. 2021ರ ಸೆಪ್ಟೆಂಬರ್ 4. ಪರಿಶಿಷ್ಟ ಜಾತಿಯ ಚನ್ನದಾಸರ ಸಮುದಾಯದ ಅಪ್ಪನೊಬ್ಬ ಪುಟ್ಟ ಮಗನ ಹುಟ್ಟುಹಬ್ಬ ಅಂತ ಊರ ಆಂಜನೇಯನ ಗುಡಿ ಮುಂದೆ ಕೈಮುಗಿಸೋಕೆ ಕರಕೊಂಡು ಹೋದ. ಹೊರಗೇ ನಿಂತಿದ್ದರು, ಎಂದಿನ ಪದ್ಧತಿ ಹಾಗೇ. ಮಳೆ ಬಂತು. ಮಗು ಓಡಿ ಗುಡಿಯೊಳಗೆ ಹೋಯ್ತು. ಮಗುವಿಗೆ ಹೊಸ್ತಿಲು ಅಂದರೇನು ಗೊತ್ತು? ಒಂದು ವಾರದಲ್ಲಿ ಮೇಲ್ಜಾತಿಯ ಕೆಲವರು ಸಭೆ ಸೇರಿ, ಗುಡಿ ಶುದ್ಧಿಗೆ ಅಂತ ಇಪ್ಪತ್ತು ಸಾವಿರ ದಾಟಿದ ದಂಡ ಕೇಳಿದರು. ಊರಲ್ಲೇ ಬಾಳಬೇಕಾದ ಆ ಕುಟುಂಬ ದೂರು ಕೊಡೋಕೆ ಮುಂದೆ ಬರಲಿಲ್ಲ. ಸುದ್ದಿಯಾದ ಮೇಲೆ ಅಧಿಕಾರಿಗಳು ಬಂದರು, ಕೇಸ್ ಆಯ್ತು, ಬಂಧನಗಳೂ ಆದವು. ನಾವೂ ಇಲ್ಲಿ ಪ್ರತಿಭಟನೆ ಮಾಡಿದೆವು, ಪೋಸ್ಟ್ ಹಾಕಿದೆವು. ಎಲ್ಲಾ ಸರಿ. ಆದರೆ ಆ ಮಗುವಿಗೆ ಮುಂದೆ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಆ ಮನೆಯವರು ಏನಂತ ಹೇಳ್ತಾರೆ ಅನ್ನೋದು ನನ್ನನ್ನ ಈಗಲೂ ಬಿಡಲ್ಲ.

ಈಗ ಊಟದ ವಿಷಯ. ನಮ್ಮ ಸಮಸ್ಯೆ ನಿಂತಿರೋದೇ ಇಲ್ಲಿ.

1917ರ ಮೇ ತಿಂಗಳಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ಮಾಡಿಸಿದರು. ಈಳವರಾದ ಅವರು ತಮ್ಮ ಗೆಳೆಯರನ್ನ ಕರೆದು ಪುಲಯರ ಜೊತೆ ಕೂತು ಉಂಡರು. ಅಷ್ಟಕ್ಕೇ ಅವರ ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು, ಪುಲಯ ಅಯ್ಯಪ್ಪ ಅಂತ ಆಡಿಕೊಂಡರು. ಅವರು ಅದನ್ನ ಬಿರುದಿನ ಹಾಗೆ ಹೊತ್ತುಕೊಂಡರು. ಮೇಲ್ಜಾತಿಯ ತುಳಿತವನ್ನ ತಾವೂ ಉಂಡ ಸಮುದಾಯವೇ ತನಗಿಂತ ಕೆಳಗಿನವರ ಜೊತೆ ಉಣ್ಣೋಕೆ ಹಾಗೆ ಉರಿದುಬಿತ್ತು. ನಮ್ಮ ನಮ್ಮೊಳಗಿನ ಎಡಗೈ ಬಲಗೈ ತಟ್ಟೆಗಳ ಬಗ್ಗೆಯೂ ಒಂದು ದಿನ ಬರೀತೀನಿ, ಇವತ್ತು ಬೇಡ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಸಹಭೋಜನದಿಂದ ಜಾತಿ ಸಾಯಲ್ಲ, ಅಂತರ್ಜಾತಿ ಮದುವೆ ಆಗಬೇಕು, ಶಾಸ್ತ್ರದ ಪಾವಿತ್ರ್ಯವನ್ನೇ ಒಡೀಬೇಕು ಅಂತ ವಾದ ಮಾಡಿದರು. ಸರಿಯೇ. ಆದರೆ ಎಂಟು ವರ್ಷದ ಮಗುವಿಗೆ ಮದುವೆ ಗೊತ್ತಿಲ್ಲ, ಶಾಸ್ತ್ರ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಊಟ ಮಾಡೋದು ಗೊತ್ತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯ್ತು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಬೇಕು ಅಂತ ಆದೇಶ ಮಾಡಿತು. ಎಂಥಾ ದೊಡ್ಡ ಆದೇಶ ನೋಡಿ, ದೇಶದ ಮಕ್ಕಳೆಲ್ಲಾ ನಮ್ಮ ಹೆಂಗಸರ ಕೈಯಡುಗೆ ಉಂಡು ಬೆಳೀಲಿ ಅಂತ. ಆಮೇಲೆ ಎಷ್ಟು ಊರುಗಳಲ್ಲಿ ಮಕ್ಕಳು ಬುತ್ತಿ ತರೋಕೆ ಶುರು ಮಾಡಿದರು, ಎಷ್ಟು ಕಡೆ ಸ್ಕೂಲನ್ನೇ ಬಿಡಿಸಿದರು ಅಂತ ಪತ್ರಿಕೆ ಓದೋ ನಿಮಗೆ ಗೊತ್ತಿದೆ.

ಸ್ಕೂಲಿನ ಪಂಕ್ತಿಗಾದರೂ ಕೋರ್ಟಿನ ಆದೇಶ ತಲುಪುತ್ತೆ. ಹೋಟೆಲಿಗೆ, ಬಾವಿಗೆ, ಗುಡಿಗೆ ಕಾಯ್ದೆ ಇದೆ. ನನ್ನ ಮನೆ ಹಾಲಿನಲ್ಲಿ ಯಾರ ಮಗು ಊಟ ಮಾಡುತ್ತೆ, ಯಾರದು ಮಾಡಲ್ಲ ಅನ್ನೋದಕ್ಕೆ ಸಂವಿಧಾನದ ಯಾವ ಪರಿಚ್ಛೇದವನ್ನೂ ನಾನು ತೋರಿಸೋಕಾಗಲ್ಲ. "ಕೇಕ್ ಮಾತ್ರ ತಿನ್ನು" ಅಂದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸ್ ಹಾಕೋಕೆ ಬರುತ್ತಾ? ಕೇಕ್ ಬೇಕರಿಯದ್ದು, ಅದಕ್ಕೆ ಮೈಲಿಗೆ ಇಲ್ಲ. ಪಲಾವ್‌ಗೆ ನನ್ನ ಕೈ ಸೋಕಿರುತ್ತೆ.

ನಮ್ಮವರೂ ಸುಮಾರು ಜನ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮನೆಯಲ್ಲಿ ಫಂಕ್ಷನ್ ಇದ್ದರೆ ಊಟ ಕೇಟರಿಂಗ್, ಅದೂ "ಶುದ್ಧ ಸಸ್ಯಾಹಾರಿ" ಬೋರ್ಡ್ ಇರೋ ಕಡೆಯಿಂದ, ಪೇಪರ್ ಪ್ಲೇಟಿನಲ್ಲಿ. ಆಗ ಎಲ್ಲರೂ ಬರ್ತಾರೆ, ಎಲ್ಲರೂ ತಿಂತಾರೆ, ಯಾರಿಗೂ ಮುಜುಗರ ಇಲ್ಲ. ಹೋಟೆಲುಗಳಲ್ಲಿ ಎರಡು ಲೋಟ ಪದ್ಧತಿ ವಿರುದ್ಧ ನಮ್ಮ ಹಿರಿಯರು ಹೊಡೆದಾಡಿದರು. ಆಮೇಲೆ ಏನಾಯ್ತು? ಎಷ್ಟೋ ಕಡೆ ಲೋಟಗಳೇ ಹೋಗಿ ಪೇಪರ್ ಕಪ್ ಬಂತು. ಕುಡಿದು ಎಸೆಯೋ ಕಪ್ಪಿಗೆ ಜಾತಿ ಅಂಟಲ್ಲ. ಮನುವಿನ ಒಡೆದ ಪಾತ್ರೆಯ ಜಾಗದಲ್ಲಿ ಈಗ ಒಂದು ಸಲ ಬಳಸಿ ಬಿಸಾಡೋ ತಟ್ಟೆ. ಪೇಪರ್ ಪ್ಲೇಟ್ ಬಳಸೋರೆಲ್ಲ ಹೀಗೇ ಅಂತ ನಾನು ಹೇಳ್ತಿಲ್ಲ, ಪಾತ್ರೆ ತೊಳೆಯೋರ ಕಷ್ಟ ನನಗೂ ಗೊತ್ತು. ಆದರೆ ಈ ಭಾನುವಾರ ನನ್ನ ಮನೇಲಿ ಬೇಡ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಹಾಲಿನಲ್ಲಿ ಬಾಬಾಸಾಹೇಬರ ದೊಡ್ಡ ಫೋಟೋ ಇದೆ. ಅವತ್ತು ರಾತ್ರಿ ನನ್ನ ಗಂಡ ಮೆಲ್ಲಗೆ ಕೇಳಿದರು, "ಅದೊಂದು ದಿನ ರೂಮಿಗೆ ತೆಗೆದಿಡೋಣವಾ? ಮಗುಗೋಸ್ಕರ." ನಾನು ಸಿಟ್ಟು ಮಾಡಿಕೊಂಡೆ, ದನಿ ಏರಿಸಿದೆ. ನಿಜ ಏನಂದರೆ, ಅವರಿಗಿಂತ ಎರಡು ದಿನ ಮೊದಲೇ ಬಲೂನ್ ಎಲ್ಲಿ ಕಟ್ಟೋದು ಅಂತ ಗೋಡೆ ನೋಡ್ತಾ ನನಗೂ ಅದೇ ಯೋಚನೆ ಬಂದಿತ್ತು. ಈ ಮನೆ ಬಾಡಿಗೆಗೆ ಹುಡುಕುವಾಗ ಐದು ಕಡೆ "ನೀವು ಯಾವ ಜನ" ಅಂತ ಕೇಳಿಸಿಕೊಂಡು, ಎರಡು ಕಡೆ ಅಡ್ವಾನ್ಸ್ ವಾಪಸ್ ತಗೊಂಡು ಬಂದವರು ನಾವು. ಹೆದರಿಕೆ ಎಲ್ಲೋ ಮೂಳೆಯಲ್ಲಿ ಕೂತಿರುತ್ತೆ. ಫೋಟೋ ಅಲ್ಲೇ ಇರುತ್ತೆ, ಮಾತಾಡಿಕೊಂಡು ತೀರ್ಮಾನ ಮಾಡಿದೆವು. ಹಳದಿ ಬಲೂನ್ ಅದರ ಎರಡೂ ಕಡೆ.

ಅಡುಗೆ ಲೆಕ್ಕ ಹೀಗಿದೆ. ತರಕಾರಿ ಪಲಾವ್, ಮೊಸರು ಬಜ್ಜಿ, ಶ್ಯಾವಿಗೆ ಪಾಯಸ. ಬೇರೆ ಪಾತ್ರೆಯಲ್ಲಿ ಕೋಳಿ ಹುರಿದಿದ್ದು, ಇದು ಮಗಳ ಬೇಡಿಕೆ. 14 ಮಕ್ಕಳಲ್ಲಿ ನಾಲ್ಕೈದು ಮಕ್ಕಳು ಮಾಂಸ ತಿನ್ನಲ್ಲ, ಅವರಿಗೆ ಬೇರೆ ಸೌಟು, ಬೇರೆ ಜಾಗ. ತಿನ್ನದೋರಿಗೆ ತಿನ್ನದ್ದನ್ನ ಬಡಿಸಬಾರದು, ಅದು ಮನೆಗೆ ಕರೆದವರ ಜವಾಬ್ದಾರಿ. ಅದನ್ನ ಯಾರೂ ನನಗೆ ಹೇಳಿಕೊಡಬೇಕಿಲ್ಲ.

ತಟ್ಟೆಗಳು ಊರಿಂದ ಬರ್ತವೆ. ಅವ್ವ ಸ್ತ್ರೀಶಕ್ತಿ ಸಂಘದ ಉಳಿತಾಯದ ದುಡ್ಡಲ್ಲಿ ತಗೊಂಡ 20 ಸ್ಟೀಲ್ ತಟ್ಟೆ. ಪ್ರತಿಯೊಂದರ ಅಂಚಿನಲ್ಲೂ ಅವಳ ಹೆಸರು ಕೊರೆಸಿದ್ದಾಳೆ. ಅವ್ವನ ಹೆಸರು ಬರಹದಲ್ಲಿ ಇರೋ ಜಾಗ ವೋಟರ್ ಲಿಸ್ಟು, ರೇಷನ್ ಕಾರ್ಡು, ಆಧಾರು ಬಿಟ್ಟರೆ ಈ ತಟ್ಟೆಗಳೇ. ಫೋನಿನಲ್ಲಿ ವಿಷಯ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅವ್ರ್ ಮಕ್ಳು ನಮ್ ತಟ್ಟೇಲಿ ಉಂಡಾವವ್ವ?"

ಮಗಳಿಗೆ ಸುಳ್ಳು ಹೇಳಿದ ಹಾಗೆ ಅವ್ವನಿಗೆ ಹೇಳೋಕಾಗಲಿಲ್ಲ. "ಗೊತ್ತಿಲ್ಲ ಕಣವ್ವ" ಅಂದೆ. ಮಾರನೇ ದಿನ ಮಗಳನ್ನೂ ಕೂರಿಸಿಕೊಂಡು ನಿಜ ಹೇಳಿದೆ. ಎಂಟು ವರ್ಷಕ್ಕೆ ಅರ್ಥವಾಗೋ ಅಷ್ಟು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅವಳಿಗೆ ಗೊತ್ತಾ ಇದು, ಅಥವಾ ಅವಳಮ್ಮನಿಗೆ ಮಾತ್ರ ಗೊತ್ತಾ?" ಅವಳಮ್ಮನಿಗೆ ಮಾತ್ರ ಅನ್ಸುತ್ತೆ ಅಂದೆ. ಪಟ್ಟಿಯಿಂದ ಆ ಹೆಸರು ತೆಗೀಲಿಲ್ಲ ಅವಳು.

ನಿನ್ನೆಯಿಂದ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡ್ತಿದ್ದೀನಿ. ಭಾನುವಾರ ಹನ್ನೆರಡೂವರೆಗೆ, ಊಟಕ್ಕೆ, ಅಡುಗೆ ಮನೆಯದ್ದೇ ಅಂತ ಬಿಡಿಸಿ ಹೇಳ್ತಿದ್ದೀನಿ. ಒಂಬತ್ತು ಮನೆಯವರು ಖಂಡಿತ ಬರ್ತೀವಿ ಅಂದರು. ಅದರಲ್ಲಿ ಒಬ್ಬ ತಾಯಿ, ನಾನೂ ಬೆಳಿಗ್ಗೆನೇ ಬಂದು ಈರುಳ್ಳಿ ಹೆಚ್ಚಿಕೊಡ್ತೀನಿ ಅಂದರು, ಅವರು ಯಾವ ಜನ ಅಂತ ನಾನೂ ಕೇಳಲಿಲ್ಲ. ಇಬ್ಬರು ನೋಡ್ತೀವಿ ಅಂದರು. ಇಬ್ಬರು ಫೋನ್ ಎತ್ತಿಲ್ಲ. ಕೇಕ್ ಮಾತ್ರ ಅಂದಿದ್ದ ಅಮ್ಮ "ಓ, ಊಟನೂ ಇದೆಯಾ, ಅವತ್ತು ನಮಗೆ ಒಂದು ಗೃಹಪ್ರವೇಶ ಇದೆ, ತಿಳಿಸ್ತೀನಿ ಮೇಡಂ" ಅಂದರು. ಇನ್ನೂ ತಿಳಿಸಿಲ್ಲ.

ಅಕ್ಕಿ ಮಾತ್ರ 14 ಮಕ್ಕಳಿಗೂ ಸೇರಿಸಿಯೇ ಅಳೆದಿಟ್ಟಿದ್ದೀನಿ. ಅವ್ವ ಶನಿವಾರ ಮಧ್ಯಾಹ್ನದ ಬಸ್ಸಿಗೆ ತಟ್ಟೆ ಚೀಲ ಹೊತ್ತುಕೊಂಡು ಬರ್ತಾಳೆ, ಬಸ್‌ಸ್ಟ್ಯಾಂಡಿಗೆ ಹೋಗಬೇಕು. ಮೈಸೂರಿನಲ್ಲಿರೋ ಗೆಳೆಯರು ಸಂಜೆ ಮೇಲೆ ಬನ್ನಿ, ಪಾಯಸ ಉಳಿದಿರುತ್ತೆ.

ಜೈಭೀಮ್.